ಬೇಡದ ಕರೆಗೆ ತಡೆ, ಬೇಕಾದ ಕರೆಗೆ ದಾರಿ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಮೈಸೂರು, ಹಾಸನ, ಧಾರವಾಡಗಳಿಂದ ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಅಲ್ಲಿನ ಹಗಲು ಬಹಳ ಉದ್ದ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಇವರಿಬ್ಬರೇ. ಅಡುಗೆಮನೆಯ ಕಟ್ಟೆಯ ಮೇಲಿನ ಕಾರ್ಡ್‌ಲೆಸ್ ಫೋನು ಬಡಿದುಕೊಂಡರೆ ಊರಿನದೇ ಇರಬೇಕೆಂದು ಹಿಡಿದ ಕೆಲಸ ಬಿಟ್ಟು ಬಂದು ಎತ್ತುತ್ತಾರೆ. ಆ ಕಡೆಯಿಂದ ಬರುವುದು ಯಂತ್ರದ ದನಿ. ಕಾರಿನ ವಾರಂಟಿ ಮುಗಿಯುತ್ತಿದೆ ಎನ್ನುತ್ತದೆ. ತೆರಿಗೆ ಬಾಕಿಯಿದೆ, ಬಂಧನದ ವಾರಂಟ್ ಹೊರಟಿದೆ ಎನ್ನುತ್ತದೆ. ಮತ್ತೆ ಕೆಲವು ಸಲ ಏನೂ ಇಲ್ಲ, ಎರಡು ಕ್ಷಣದ ಮೌನ, ಆಮೇಲೆ ಕರೆ ಕಡಿದುಹೋಗುತ್ತದೆ.

ಇದು ಬರೀ ಕಿರಿಕಿರಿಯಾಗಿ ಮುಗಿಯುವ ಸಂಗತಿಯಲ್ಲ. 2018ರಲ್ಲಿ ವಾಷಿಂಗ್ಟನ್ನಿನ ಭಾರತೀಯ ರಾಯಭಾರ ಕಚೇರಿಯೇ ಎಚ್ಚರಿಕೆ ಹೊರಡಿಸಬೇಕಾಯಿತು. ಕಚೇರಿಯದೇ ದೂರವಾಣಿ ಸಂಖ್ಯೆ ಪರದೆಯಲ್ಲಿ ಮೂಡುವಂತೆ ಮಾಡಿ, ಪಾಸ್‌ಪೋರ್ಟ್, ವೀಸಾ, ವಲಸೆಯ ಅರ್ಜಿಗಳಲ್ಲಿ ತಪ್ಪಿದೆಯೆಂದು ಹೆದರಿಸಿ, ಕಾರ್ಡಿನ ವಿವರ ಮತ್ತು ಹಣ ಕೇಳುವ ಜಾಲವೊಂದು ಅಲ್ಲಿನ ಭಾರತೀಯರ ಬೆನ್ನು ಹತ್ತಿತ್ತು. ಅದಕ್ಕೂ ಮೊದಲು, 2016ರ ಅಕ್ಟೋಬರಿನಲ್ಲಿ, ಮಹಾರಾಷ್ಟ್ರದ ಠಾಣೆ ಬಳಿಯ ಮೀರಾ ರೋಡ್‌ನಲ್ಲಿ ಪೊಲೀಸರು ದಾಳಿ ನಡೆಸಿದಾಗ, ಅಮೆರಿಕದ ತೆರಿಗೆ ಅಧಿಕಾರಿಗಳಂತೆ ಮಾತನಾಡಿ ಅಲ್ಲಿನ ಜನರಿಂದ ದುಡ್ಡು ಕೀಳುತ್ತಿದ್ದ ಕಾಲ್ ಸೆಂಟರ್‌ಗಳು ಸಿಕ್ಕಿಬಿದ್ದವು. ಸಾಗರದಾಚೆಯ ಮನೆಯ ಫೋನನ್ನು ಬಲು ಅಗ್ಗವಾಗಿ ಬಾರಿಸುವ ಶಕ್ತಿಯನ್ನು ಅವರಿಗೆ ಕೊಟ್ಟದ್ದು ಇಂಟರ್ನೆಟ್ ದೂರವಾಣಿ. ಅದೇ ತಂತ್ರಜ್ಞಾನ ಆ ಮನೆಯ ರೂಟರಿನ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆಯಾಗಿ ಕೂತಿದೆ. ಆ ಪೆಟ್ಟಿಗೆಯನ್ನೇ ಕಾವಲಿಗೆ ನಿಲ್ಲಿಸಲು ಬರುತ್ತದೆ. ಬಹುತೇಕ ಮನೆಗಳಲ್ಲಿ ಅದನ್ನು ಯಾರೂ ಮಾಡಿರುವುದಿಲ್ಲ.

ಪೆಟ್ಟಿಗೆಯೊಳಗೆ ನಡೆಯುವುದೇನು?

ಹಳೆಯ ಟೆಲಿಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಈ ಸಾಧನಕ್ಕೆ ಎಟಿಎ ಅಥವಾ ಫೋನ್ ಅಡಾಪ್ಟರ್ ಎನ್ನುತ್ತಾರೆ. ಒಂದು ಕಡೆ ರೂಟರಿನಿಂದ ಬರುವ ಕೇಬಲ್, ಇನ್ನೊಂದು ಕಡೆ ಮಾಮೂಲಿ ಟೆಲಿಫೋನಿನ ತಂತಿ. ಒಂದಾನೊಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುತ್ತಿದ್ದ ಕೆಲಸವನ್ನೆಲ್ಲ ಅಂಗೈಯಗಲದ ಈ ಪೆಟ್ಟಿಗೆ ಮಾಡುತ್ತದೆ. ಫೋನಿಗೆ ವಿದ್ಯುತ್ ಕೊಡುತ್ತದೆ, ಡಯಲ್ ಟೋನ್ ಕೇಳಿಸುತ್ತದೆ, ಗಂಟೆ ಬಾರಿಸುತ್ತದೆ. ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದು, 64 ಕಿಲೋಬಿಟ್‌ಗಳ ಹರಿವಾಗಿ ಇಂಟರ್ನೆಟ್ಟಿಗೆ ಬಿಡುತ್ತದೆ. ಇನ್ನೂ ಬಿಗಿಯಾಗಿ ಅಡಕ ಮಾಡುವ ವಿಧಾನಗಳಿವೆಯಾದರೂ ಮೂಲ ಲೆಕ್ಕ ಇದೇ.

ಅಮೆರಿಕದ ಕನ್ನಡಿಗರ ಮನೆಗಳಿಗೆ ಈ ಪೆಟ್ಟಿಗೆ ಹೊಸತಲ್ಲ. 2009ರಲ್ಲಿ ವೋನೇಜ್ ಕಂಪನಿ ತಿಂಗಳಿಗೆ 24.99 ಡಾಲರಿಗೆ ಭಾರತವೂ ಸೇರಿ ಅರುವತ್ತಕ್ಕೂ ಹೆಚ್ಚು ದೇಶಗಳಿಗೆ ಮಿತಿಯಿಲ್ಲದ ಕರೆಯ ಯೋಜನೆ ತಂದಿತು. ಕಾಲಿಂಗ್ ಕಾರ್ಡಿನ ಅಂಕಿಗಳನ್ನು ಕೆರೆದು, ನಿಮಿಷ ಎಣಿಸಿ ಊರಿಗೆ ಮಾತಾಡುತ್ತಿದ್ದವರಿಗೆ ಅದು ದೊಡ್ಡ ಬಿಡುಗಡೆ. ಊಮಾ, ಮ್ಯಾಜಿಕ್‌ಜ್ಯಾಕ್ ಸೇವೆಗಳೂ ಇದ್ದವು. ತಾಂತ್ರಿಕ ಆಸಕ್ತಿಯಿದ್ದವರು ಓಬಿಹೈ, ಸಿಸ್ಕೊ, ಗ್ರ್ಯಾಂಡ್‌ಸ್ಟ್ರೀಮ್ ಅಡಾಪ್ಟರುಗಳನ್ನು ಕೊಂಡು ತಮಗೆ ಬೇಕಾದ ಸೇವೆಗೆ ತಾವೇ ಜೋಡಿಸಿಕೊಂಡರು. ಓಬಿಹೈ ಪೆಟ್ಟಿಗೆಗೆ ಗೂಗಲ್ ವಾಯ್ಸ್ ಖಾತೆ ಸೇರಿಸಿ, ಅಮೆರಿಕದೊಳಗೆ ತಿಂಗಳ ಬಾಡಿಗೆಯೇ ಇಲ್ಲದೆ ಮಾತಾಡಿದ ಮನೆಗಳೂ ಬಹಳ.

ಕರೆ ಬರುವ ಕ್ರಮ ಹೀಗಿದೆ. ಸೇವೆ ಕೊಡುವ ಕಂಪನಿಯ ಸರ್ವರ್ ಅಡಾಪ್ಟರಿಗೆ ‘ಇನ್ವೈಟ್’ ಎಂಬ ಸಂದೇಶ ಕಳಿಸುತ್ತದೆ. ಸಿಪ್ ಎಂದು ಕರೆಯುವ ನಿಯಮಾವಳಿಯ ಪ್ರಕಾರ ಈ ಸಂಭಾಷಣೆ ನಡೆಯುತ್ತದೆ. ಇಂದು ಬಳಕೆಯಲ್ಲಿರುವ ಅದರ ರೂಪ ಪ್ರಕಟವಾದದ್ದು 2002ರಲ್ಲಿ. ಇನ್ವೈಟ್‌ನಲ್ಲಿ ಕರೆ ಮಾಡುವವರ ಸಂಖ್ಯೆ ಇರುತ್ತದೆ. ಅಡಾಪ್ಟರ್ ಅದಕ್ಕೆ 180 ಎಂದು ಉತ್ತರಿಸಿದರೆ ಗಂಟೆ ಬಾರಿಸುತ್ತಿದ್ದೇನೆ ಎಂದರ್ಥ. 200 ಎಂದರೆ ಫೋನ್ ಎತ್ತಿದರು. 486 ಎಂದರೆ ಬಿಡುವಿಲ್ಲ. 603 ಎಂದರೆ ಈ ಕರೆ ಬೇಡ. ‘ಇದು ಕಿರುಕುಳದ ಕರೆ’ ಎಂದು ಹೇಳಲಿಕ್ಕೇ 607 ಎಂಬ ಸಂಕೇತವನ್ನು 2017ರಲ್ಲಿ ಸೇರಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಲ್ಯಾಂಡ್‌ಲೈನಿನಲ್ಲಿ ಗಂಟೆ ಬಂದ ಮೇಲೆ, ಮೊದಲ ಮತ್ತು ಎರಡನೇ ಗಂಟೆಯ ನಡುವಿನ ಬಿಡುವಿನಲ್ಲಿ, ಅಮೆರಿಕದಲ್ಲಿ ಕರೆ ಮಾಡಿದವರ ಸಂಖ್ಯೆ, ಅಂದರೆ ಕಾಲರ್ ಐಡಿ, ಮನೆ ತಲುಪುತ್ತಿತ್ತು. ಅಡಾಪ್ಟರಿಗೆ ಆ ಸಂಖ್ಯೆ ಗಂಟೆ ಬಾರಿಸುವ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಬೇಡದ ಕರೆಯನ್ನು ಒಂದು ಸದ್ದೂ ಆಗದಂತೆ ತಡೆಯುವ ಅವಕಾಶ ಅದಕ್ಕಿದೆ.

ಸಂಖ್ಯೆಯನ್ನು ನಂಬುವುದೆಷ್ಟು?

ಅವಕಾಶವಿದೆ ಎಂದು ಬಂದ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ತಡೆಪಟ್ಟಿಗೆ ಸೇರಿಸುತ್ತ ಹೋದವರು ಬೇಗ ಸೋಲುತ್ತಾರೆ. ಇಂದು ತಡೆದ ಸಂಖ್ಯೆಯಿಂದ ನಾಳೆ ಕರೆ ಬರುವುದೇ ಇಲ್ಲ, ಬೇರೊಂದರಿಂದ ಬರುತ್ತದೆ. ಇನ್ವೈಟ್‌ನಲ್ಲಿರುವ ಸಂಖ್ಯೆ ಲಕೋಟೆಯ ಮೇಲೆ ಬರೆಯುವ ‘ಇಂದ’ ವಿಳಾಸದ ಹಾಗೆ. ಅಲ್ಲಿ ಯಾರು ಯಾವ ವಿಳಾಸ ಬೇಕಾದರೂ ಬರೆಯಬಹುದು. ಅಂಚೆಯವನು ಅದನ್ನು ಪರೀಕ್ಷಿಸಿ ತರುವುದಿಲ್ಲ. ಸುಳ್ಳು ಸಂಖ್ಯೆ ತೋರಿಸುವ ಈ ವಿದ್ಯೆಗೆ ಸ್ಪೂಫಿಂಗ್ ಎನ್ನುತ್ತಾರೆ. ಜನ ಪರಿಚಿತವೆನಿಸುವ ಸಂಖ್ಯೆಯನ್ನು ಎತ್ತುತ್ತಾರೆಂದು ಗೊತ್ತಿರುವ ವಂಚಕರು, ನಮ್ಮದೇ ಸಂಖ್ಯೆಯ ಮೊದಲ ಆರು ಅಂಕಿಗಳನ್ನು ಹಾಗೇ ಇಟ್ಟು ಕೊನೆಯ ನಾಲ್ಕನ್ನು ಬದಲಿಸುತ್ತ ಹೋಗುತ್ತಾರೆ. ನೆರೆಮನೆಯವರೇ ಇರಬೇಕೆಂದು ನಾವು ಎತ್ತುತ್ತೇವೆ. ಆ ಸಂಖ್ಯೆಯ ನಿಜವಾದ ಒಡೆಯರಿಗೆ ಇದಾವುದೂ ಗೊತ್ತಿರುವುದಿಲ್ಲ. ಅವರ ಫೋನಿಗೆ ಕರೆ ಮಾಡಿ ಬೈಯುವವರು ಮಾತ್ರ ಹೆಚ್ಚುತ್ತಾರೆ.

ಎತ್ತಿದ ಮೇಲೆ ಕೇಳುವ ಮೌನಕ್ಕೂ ಕಾರಣವಿದೆ. ಪ್ರಿಡಿಕ್ಟಿವ್ ಡಯಲರ್ ಎಂಬ ಯಂತ್ರ, ಮಾತಾಡುವ ನೌಕರರಿಗಿಂತ ಹೆಚ್ಚು ಕರೆಗಳನ್ನು ಒಟ್ಟಿಗೇ ಹಾಕುತ್ತದೆ. ಯಾರಾದರೂ ಎತ್ತಿದೊಡನೆ ಬಿಡುವಾಗಿರುವ ನೌಕರನನ್ನು ಹುಡುಕಿ ಜೋಡಿಸುತ್ತದೆ. ಆ ಹುಡುಕಾಟದ ಹೊತ್ತೇ ನಮಗೆ ಕೇಳುವ ಮೌನ. ನೌಕರ ಸಿಗದಿದ್ದರೆ ಕರೆ ಕಡಿಯುತ್ತದೆ. ಅಷ್ಟರಲ್ಲಿ ಆ ಮನೆಯಲ್ಲಿ ಈ ಹೊತ್ತಿಗೆ ಫೋನ್ ಎತ್ತುವ ಮನುಷ್ಯರಿದ್ದಾರೆಂದು ಯಂತ್ರಕ್ಕೆ ತಿಳಿದಿರುತ್ತದೆ.

ಕಾನೂನು ಸುಮ್ಮನೆ ಕೂತಿಲ್ಲ. ಟೆಲಿಫೋನ್ ಗ್ರಾಹಕರ ರಕ್ಷಣೆಗೆಂದು ಅಮೆರಿಕ 1991ರಲ್ಲೇ ಕಾಯ್ದೆ ಮಾಡಿತು. ಕರೆ ಬೇಡವೆನ್ನುವವರ ರಾಷ್ಟ್ರೀಯ ನೋಂದಣಿ 2003ರಲ್ಲಿ ಆರಂಭವಾಯಿತು. ಪ್ರಾಮಾಣಿಕ ಕಂಪನಿಗಳು ಆ ಪಟ್ಟಿಯನ್ನು ಗೌರವಿಸುತ್ತವೆ. ಕಾನೂನನ್ನೇ ಲೆಕ್ಕಿಸದ ಕಳ್ಳನಿಗೆ ಪಟ್ಟಿಯ ಭಯವಿಲ್ಲ. ಕಾರಿನ ವಾರಂಟಿಯ ಹೆಸರಿನಲ್ಲಿ ನಡೆದ ಒಂದೇ ಜಾಲ 2021ರಲ್ಲಿ ಬರೀ ಮೂರು ತಿಂಗಳಲ್ಲಿ 500 ಕೋಟಿಗೂ ಹೆಚ್ಚು ಕರೆಗಳನ್ನು ಮಾಡಿತೆಂದು ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಲೆಕ್ಕ ಹಾಕಿತು. 2023ರ ಆಗಸ್ಟ್‌ನಲ್ಲಿ ಸುಮಾರು 30 ಕೋಟಿ ಡಾಲರ್ ದಂಡ ವಿಧಿಸಿತು. ಆದರೆ ಜನರ ಫೋನುಗಳಿಗೆ ನೆಮ್ಮದಿ ಸಿಕ್ಕಿದ್ದು ಆ ದಂಡದಿಂದಲ್ಲ. ಅದಕ್ಕೂ ಮುಂಚೆ, 2022ರ ಜುಲೈನಲ್ಲಿ, ಈ ಜಾಲದ ಕರೆಗಳನ್ನು ಸಾಗಿಸಕೂಡದೆಂದು ಆಯೋಗ ದೂರವಾಣಿ ಕಂಪನಿಗಳಿಗೆ ಆದೇಶಿಸಿತ್ತು. ಆ ಕರೆಗಳು ಹೆಚ್ಚುಕಡಿಮೆ ನಿಂತೇಹೋದವು. ಕರೆ ಹೊರಡುವ ಕಡೆಗೆ ಹತ್ತಿರವಾದಷ್ಟೂ ತಡೆ ಗಟ್ಟಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ನಡುರಾತ್ರಿಯ ಭೂತದ ಕರೆ

ಅಡಾಪ್ಟರ್ ಇರುವ ಮನೆಗಳಿಗೆ ಮಾತ್ರ ಬರುವ ಒಂದು ಬಗೆಯ ಕರೆಯಿದೆ. ರಾತ್ರಿ ಎರಡು ಗಂಟೆಗೆ ಫೋನು ಬಡಿದುಕೊಳ್ಳುತ್ತದೆ. ಪರದೆಯಲ್ಲಿ 100 ಎಂದೋ 1000 ಎಂದೋ 1001 ಎಂದೋ ಕಾಣುತ್ತದೆ. ಎತ್ತಿದರೆ ಆ ಕಡೆ ಯಾರೂ ಇಲ್ಲ. ಇಟ್ಟರೆ ಮತ್ತೆ ಬಡಿಯುತ್ತದೆ. ಊರಿನಲ್ಲಿ ವಯಸ್ಸಾದವರಿರುವ ಮನೆಗೆ ನಡುರಾತ್ರಿಯ ಫೋನೆಂದರೆ ಎದೆ ಧಸಕ್ಕೆನ್ನುವ ಸಂಗತಿ. ಸೇವೆ ಕೊಡುವ ಕಂಪನಿಗೆ ದೂರಿದರೆ, ಅಂಥ ಕರೆಯೇ ನಮ್ಮ ದಾಖಲೆಯಲ್ಲಿಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರ ನಿಜ, ಏಕೆಂದರೆ ಆ ಕರೆ ಕಂಪನಿಯ ಮೂಲಕ ಬಂದೇ ಇರುವುದಿಲ್ಲ.

ಸಿಪ್ ಸಂದೇಶಗಳು ಸಾಮಾನ್ಯವಾಗಿ 5060 ಎಂಬ ಪೋರ್ಟಿನ ಮೂಲಕ ಓಡಾಡುತ್ತವೆ. ದುರ್ಬಲ ಪಾಸ್‌ವರ್ಡಿನ ಟೆಲಿಫೋನ್ ಸರ್ವರುಗಳನ್ನು ಹುಡುಕಿ, ಅವುಗಳ ಖಾತೆಯಿಂದ ದುಬಾರಿ ವಿದೇಶಿ ಕರೆ ಮಾಡುವ ಕಳ್ಳರು, ಇಂಟರ್ನೆಟ್ಟಿನ ವಿಳಾಸಗಳನ್ನೆಲ್ಲ ಸಾಲಾಗಿ ತಟ್ಟುತ್ತ ಹೋಗುವ ತಂತ್ರಾಂಶ ಇಟ್ಟುಕೊಂಡಿರುತ್ತಾರೆ. ಭದ್ರತೆಯ ಪರೀಕ್ಷೆಗೆಂದು ರೂಪಿಸಿದ ಸಿಪ್‌ವಿಷಸ್ ಎಂಬ ಸಲಕರಣೆಯೂ ಇಂಥ ಕೈಗಳಿಗೆ ಸಿಕ್ಕಿದೆ. ಅದು ಕಳಿಸುವ ಇನ್ವೈಟ್ ನೇರವಾಗಿ ನಮ್ಮ ಅಡಾಪ್ಟರಿಗೆ ಮುಟ್ಟಿದರೆ, ಯಾರು ಕಳಿಸಿದರೆಂದು ವಿಚಾರಿಸದ ಅಡಾಪ್ಟರ್ ಗಂಟೆ ಬಾರಿಸುತ್ತದೆ. ಯಾವ ತಡೆಪಟ್ಟಿಯೂ, ಯಾವ ನೋಂದಣಿಯೂ ಇದನ್ನು ನಿಲ್ಲಿಸಲಾರದು.

ನಿಲ್ಲಿಸುವ ದಾರಿ ಸರಳ. ನೋಂದಣಿಯಾದ ಸರ್ವರಿನಿಂದ ಬಂದ ಕರೆಯನ್ನು ಮಾತ್ರ ಸ್ವೀಕರಿಸು ಎಂಬ ಸೆಟ್ಟಿಂಗ್ ಬಹುತೇಕ ಎಲ್ಲ ಅಡಾಪ್ಟರುಗಳಲ್ಲಿ ಇದೆ. ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಅದು ‘ಸಿಪ್ ಪ್ರಾಕ್ಸಿಯಿಂದ ಮಾತ್ರ’ ಎಂಬ ಆಯ್ಕೆ. ಸಿಸ್ಕೊ ಎಸ್‌ಪಿಎ ಸಾಲಿನಲ್ಲಿ ‘ರಿಸ್ಟ್ರಿಕ್ಟ್ ಸೋರ್ಸ್ ಐಪಿ’. ಓಬಿಹೈಯಲ್ಲಿ ‘ಆಕ್ಸೆಪ್ಟ್ ಸಿಪ್ ಫ್ರಂ ರಿಜಿಸ್ಟ್ರಾರ್ ಓನ್ಲಿ’. ಕೊಳ್ಳುವಾಗ ಇದು ಆಫ್ ಆಗಿರಬಹುದು, ಆನ್ ಮಾಡಬೇಕು. ರೂಟರಿನಲ್ಲಿ 5060 ಪೋರ್ಟನ್ನು ಹೊರಜಗತ್ತಿಗೆ ತೆರೆದಿಟ್ಟಿದ್ದರೆ ಮುಚ್ಚಬೇಕು. ಅಡಾಪ್ಟರನ್ನು ಡಿಎಂಝಡ್‌ನಲ್ಲಿ, ಅಂದರೆ ರೂಟರಿನ ರಕ್ಷಣೆಯಿಲ್ಲದ ಜಾಗದಲ್ಲಿ, ಇಡಬಾರದು. ಪೆಟ್ಟಿಗೆಯ ಜೊತೆಗೆ ಬಂದ ಪಾಸ್‌ವರ್ಡನ್ನು ಬದಲಿಸಬೇಕು. ಇಷ್ಟು ಮಾಡಿದ ಮನೆಯಲ್ಲಿ ಭೂತದ ಕರೆ ಉಳಿಯುವುದಿಲ್ಲ.

ನಿಯಮಗಳ ಸಾಲು

ಇನ್ನು ಕಂಪನಿಯ ಮೂಲಕವೇ ಬರುವ ಕಿರಿಕಿರಿ ಕರೆಗಳು. ಓಬಿಹೈ ಅಡಾಪ್ಟರಿನಲ್ಲಿ ಒಳಬರುವ ಕರೆಗಳಿಗೆ ದಾರಿ ತೋರಿಸುವ ನಿಯಮಗಳನ್ನು ಸಾಲಾಗಿ ಬರೆಯಬಹುದು. ಕರೆ ಬಂದಾಗ ಅಡಾಪ್ಟರ್ ಎಡದಿಂದ ಬಲಕ್ಕೆ ಒಂದೊಂದೇ ನಿಯಮವನ್ನು ನೋಡುತ್ತದೆ. ಮೊದಲು ಹೊಂದಿದ ನಿಯಮವೇ ಅಂತಿಮ. ಆ ನಿಯಮ ಫೋನನ್ನು ತೋರಿಸಿದರೆ ಗಂಟೆ ಬಾರಿಸುತ್ತದೆ. ಸ್ವಯಂಚಾಲಿತ ಉತ್ತರದ ದನಿಯನ್ನು ತೋರಿಸಿದರೆ ಕರೆಯನ್ನು ಅಲ್ಲಿಗೆ ಒಪ್ಪಿಸುತ್ತದೆ. ಗುರಿಯ ಜಾಗ ಖಾಲಿಯಿದ್ದರೆ ಕರೆಯನ್ನು ತಳ್ಳಿಹಾಕುತ್ತದೆ. ಬೇರೆ ಅಡಾಪ್ಟರುಗಳಲ್ಲೂ ಸೇವಾ ಕಂಪನಿಗಳ ಖಾತೆಯ ಪುಟಗಳಲ್ಲೂ ಹೆಸರು ಬೇರೆಯಾದರೂ ತತ್ವ ಇದೇ. ಹೀಗಾಗಿ ಯಾವ ನಿಯಮ ಇದೆ ಎಂಬುದರಷ್ಟೇ ಮುಖ್ಯ, ಯಾವುದು ಮೊದಲಿದೆ ಎಂಬುದು.

ಮೊದಲ ಜಾಗ ಬೇಕಾದವರಿಗೆ. ಮನೆಯವರು, ನೆಂಟರು, ಮಕ್ಕಳ ಶಾಲೆ, ವೈದ್ಯರು, ಔಷಧಿ ಅಂಗಡಿ ಇವರೆಲ್ಲರ ಸಂಖ್ಯೆಗಳಿಗೆ ಫೋನಿನ ದಾರಿ. ಅದರ ಜೊತೆಗೇ 91ರಿಂದ ಶುರುವಾಗುವ ಭಾರತದ ಸಂಖ್ಯೆಗಳಿಗೂ ದಾರಿ.

ಎರಡನೆಯದು, ಇರಲು ಸಾಧ್ಯವೇ ಇಲ್ಲದ ಸಂಖ್ಯೆಗಳಿಗೆ ತಡೆ. ಅಮೆರಿಕದ ಹತ್ತಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ 0 ಅಥವಾ 1 ಆಗಿರುವಂತಿಲ್ಲ. ನಾಲ್ಕನೆಯ ಅಂಕಿಗೂ ಅದೇ ಕಟ್ಟಳೆ. ಇದನ್ನು ಮೀರಿದ ಸಂಖ್ಯೆ ಖಂಡಿತ ಸುಳ್ಳು. ನಮ್ಮ ಸಂಖ್ಯೆಯೇ ನಮಗೆ ಕರೆ ಮಾಡಿದಂತೆ ಕಂಡರೆ ಅದೂ ಸುಳ್ಳು. ಇವೆರಡಕ್ಕೂ ಅಳುಕಿಲ್ಲದೆ ತಡೆ ಹಾಕಬಹುದು.

ಮೂರನೆಯದು, ನಮ್ಮ ಸಂಖ್ಯೆಯ ಮೊದಲ ಆರು ಅಂಕಿಗಳನ್ನೇ ಹೊತ್ತು ಬರುವ ನೆರೆಯ ವೇಷದ ಕರೆಗಳು. ನಿಜವಾದ ನೆರೆಯವರ ಸಂಖ್ಯೆ ಮೊದಲ ಸಾಲಿನಲ್ಲೇ ಇರುವುದರಿಂದ ಉಳಿದವನ್ನು ತಡೆದರೆ ನಷ್ಟ ಕಡಿಮೆ.

ನಾಲ್ಕನೆಯದು, ಸಂಖ್ಯೆಯನ್ನೇ ತೋರಿಸದ ಕರೆಗಳು. ಅಮೆರಿಕದ ಅನೇಕ ಸೇವೆಗಳಲ್ಲಿ ಸ್ಟಾರ್ 77 ಒತ್ತಿದರೆ ಇಂಥ ಕರೆಗಳು ನಿಲ್ಲುತ್ತವೆ. ಸ್ಟಾರ್ 87 ಒತ್ತಿದರೆ ಮತ್ತೆ ಬರುತ್ತವೆ. ಆದರೆ ನಮ್ಮವರು ಇಲ್ಲಿ ಎರಡು ಸಲ ಯೋಚಿಸಬೇಕು. ಭಾರತದಿಂದ ಹೊರಟ ಕರೆ ಹಲವು ಮಧ್ಯವರ್ತಿ ಕಂಪನಿಗಳನ್ನು ಹಾದು ಬರುವಾಗ ಸಂಖ್ಯೆ ಕಳಚಿಹೋಗುವುದುಂಟು. ಪರದೆಯಲ್ಲಿ ‘ಅನಾಮಧೇಯ’ ಎಂದೋ ಅರ್ಥವಿಲ್ಲದ ಅಂಕಿಯಾಗಿಯೋ ಕಾಣುವುದುಂಟು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ, ಸಿಕ್ಕಿದ ಫೋನಿನಿಂದ ಅಮ್ಮ ಮಾಡಿದ ಕರೆಯೂ ಹಾಗೆ ಕಾಣಬಹುದು.

ಅದಕ್ಕೇ ಈ ಗುಂಪಿನ ಕರೆಗಳನ್ನು ಪೂರ್ತಿ ತಳ್ಳಿಹಾಕದೆ ಪ್ರಶ್ನೆಯೊಂದರ ಮುಂದೆ ನಿಲ್ಲಿಸುವುದು ಮೇಲು. ಕರೆ ಸ್ವಯಂಚಾಲಿತ ಉತ್ತರಕ್ಕೆ ಹೋಗುತ್ತದೆ; ‘ಮಾತಾಡಬೇಕಿದ್ದರೆ 1 ಒತ್ತಿ’ ಎಂದು ಧ್ವನಿ ಹೇಳುತ್ತದೆ. ಮನುಷ್ಯ ಒತ್ತುತ್ತಾನೆ, ಫೋನು ಬಡಿಯುತ್ತದೆ. ಧ್ವನಿಮುದ್ರಿಕೆಯನ್ನು ಕೇಳಿಸಿ ಮುಂದಿನ ಸಂಖ್ಯೆಗೆ ಓಡುವ ಯಂತ್ರ ಒತ್ತುವುದಿಲ್ಲ. ಆ ಸೂಚನೆಯನ್ನು ನಮ್ಮದೇ ದನಿಯಲ್ಲಿ ಮುದ್ರಿಸಿಡಲು ಅನೇಕ ಸೇವೆಗಳಲ್ಲಿ ಅವಕಾಶವಿದೆ. ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಹೇಳಿಟ್ಟರೆ ಊರಿನ ದೊಡ್ಡಮ್ಮನಿಗೂ ಅರ್ಥವಾಗುತ್ತದೆ. ಸಂಖ್ಯೆಯ ಸುಳ್ಳು-ನಿಜದ ಗೋಜಿಗೇ ಹೋಗದೆ, ಕರೆ ಮಾಡಿದವರಿಂದ ಒಂದು ಸಣ್ಣ ಶ್ರಮವನ್ನು ಕೇಳುವ ಈ ಉಪಾಯವೇ ಮನೆಯ ಮಟ್ಟದಲ್ಲಿ ಎಲ್ಲಕ್ಕಿಂತ ಪರಿಣಾಮಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಎಚ್ಚರಿಕೆ. ಅಡಾಪ್ಟರ್ ತಳ್ಳಿಹಾಕಿದ ಕರೆಯನ್ನು ಕಂಪನಿ ವಾಯ್ಸ್‌ಮೇಲಿಗೆ ತಿರುಗಿಸಬಹುದು. ಫೋನು ಶಾಂತವಾದರೂ ವಾಯ್ಸ್‌ಮೇಲ್ ಕಸದಿಂದ ತುಂಬುತ್ತದೆ. ಸಾಧ್ಯವಿರುವ ಕಡೆಯಲ್ಲೆಲ್ಲ ಇದೇ ನಿಯಮಗಳನ್ನು ಕಂಪನಿಯ ಖಾತೆಯ ಪುಟದಲ್ಲಿ ಹಾಕುವುದು ಉತ್ತಮ.

ಒಂದೇ ಗಂಟೆಗೆ ನಿಲ್ಲುವ ಕರೆ

2012ರ ಅಕ್ಟೋಬರಿನಲ್ಲಿ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ, ಯಂತ್ರ ಮಾಡುವ ಕರೆಗಳನ್ನು, ಅಂದರೆ ರೋಬೋಕಾಲ್‌ಗಳನ್ನು, ತಡೆಯುವ ಉಪಾಯ ಹೇಳಿದವರಿಗೆ ಬಹುಮಾನ ಕೊಡುವುದಾಗಿ ಸಾರಿತು. 2013ರ ಏಪ್ರಿಲ್‌ನಲ್ಲಿ ಆರನ್ ಫಾಸ್ ಮತ್ತು ಸೆರ್ದಾರ್ ದಾನಿಶ್ ಎಂಬಿಬ್ಬರಿಗೆ ತಲಾ 25,000 ಡಾಲರ್ ಸಂದಿತು. ಫಾಸ್ ಅವರ ಉಪಾಯ ಅದೇ ವರ್ಷ ನೊಮೊರೊಬೊ ಎಂಬ ಸೇವೆಯಾಗಿ ಜನರಿಗೆ ಸಿಕ್ಕಿತು. ಇಂಟರ್ನೆಟ್ ದೂರವಾಣಿಯ ಮನೆಗಳಿಗೆ ಅದು ಉಚಿತ.

ಅವರು ಬಳಸಿದ್ದು ಏಕಕಾಲದ ಗಂಟೆ ಎಂಬ ಹಳೆಯ ಸೌಲಭ್ಯವನ್ನು. ಬಂದ ಕರೆ ಮನೆಯ ಫೋನಿನ ಜೊತೆಗೇ ನೊಮೊರೊಬೊದ ಸಂಖ್ಯೆಗೂ ಹೋಗುತ್ತದೆ. ಅಲ್ಲಿನ ಯಂತ್ರ ಕರೆಯ ಸಂಖ್ಯೆಯನ್ನು ತನ್ನ ಪಟ್ಟಿಯೊಡನೆ ಹೋಲಿಸುತ್ತದೆ. ಕೆಟ್ಟ ಕರೆಯೆಂದು ಕಂಡರೆ ತಾನೇ ಎತ್ತಿ ಕಡಿದುಹಾಕುತ್ತದೆ. ಮನೆಯಲ್ಲಿ ಒಂದು ಗಂಟೆ ಕೇಳಿ ನಿಂತುಬಿಡುತ್ತದೆ. ಎರಡನೇ ಗಂಟೆ ಬಂದ ಮೇಲಷ್ಟೇ ಫೋನ್ ಎತ್ತಿ ಎಂದು ಹಿರಿಯರಿಗೆ ಹೇಳಿದರೆ ಸಾಕು. ಮೊದಲ ಗಂಟೆಯನ್ನು ಮೌನವಾಗಿಸುವ ಫೋನುಗಳೂ ಇವೆ. ಸಾವಿರಾರು ಮನೆಗಳ ಅನುಭವ ಒಂದೇ ಪಟ್ಟಿಯಲ್ಲಿ ಸೇರುವುದು ಈ ಸೇವೆಯ ಬಲ. ಪಟ್ಟಿಯಲ್ಲಿಲ್ಲದ ಹೊಸ ಸುಳ್ಳು ಸಂಖ್ಯೆ ತೂರಿಬರುವುದು ಇದರ ಮಿತಿ.

ಸಹಿ ಹಾಕಿದ ಕರೆ

ಸುಳ್ಳು ಸಂಖ್ಯೆಯ ರೋಗದ ಬುಡಕ್ಕೆ ಮದ್ದಾಗಿ ಬಂದದ್ದು ಸ್ಟರ್-ಶೇಕನ್ ವ್ಯವಸ್ಥೆ. 2019ರ ಡಿಸೆಂಬರ್ 30ರಂದು ಅಂಕಿತವಾದ ಟ್ರೇಸ್ಡ್ ಕಾಯ್ದೆಯ ಬಲದಿಂದ ಅಮೆರಿಕದ ದೊಡ್ಡ ಕಂಪನಿಗಳು 2021ರ ಜೂನ್ 30ರೊಳಗೆ ತಮ್ಮ ಇಂಟರ್ನೆಟ್ ಜಾಲಗಳಲ್ಲಿ ಇದನ್ನು ಅಳವಡಿಸಬೇಕಾಯಿತು. ಕರೆ ಹೊರಡಿಸುವ ಕಂಪನಿ ಅದಕ್ಕೊಂದು ಡಿಜಿಟಲ್ ಸಹಿ ಹಾಕುತ್ತದೆ. ತಲುಪಿಸುವ ಕಂಪನಿ ಆ ಸಹಿಯನ್ನು ಪರೀಕ್ಷಿಸುತ್ತದೆ. ಸಹಿಗೆ ಮೂರು ದರ್ಜೆ. ‘ಎ’ ಎಂದರೆ ಗ್ರಾಹಕರು ಯಾರೆಂದು ಗೊತ್ತು, ಈ ಸಂಖ್ಯೆ ಬಳಸುವ ಹಕ್ಕು ಅವರಿಗಿದೆ. ‘ಬಿ’ ಎಂದರೆ ಗ್ರಾಹಕರು ಗೊತ್ತು, ಸಂಖ್ಯೆಯ ಹಕ್ಕು ಗೊತ್ತಿಲ್ಲ. ‘ಸಿ’ ಎಂದರೆ ಕರೆ ಯಾವ ಹೆಬ್ಬಾಗಿಲಿನಿಂದ ಒಳಬಂತೆಂಬುದಷ್ಟೇ ಗೊತ್ತು.

ಇದರ ಮಿತಿಯನ್ನೂ ತಿಳಿದಿರಬೇಕು. ‘ಎ’ ದರ್ಜೆ ಸಂಖ್ಯೆಗೆ ಸಾಕ್ಷಿ ಹೇಳುತ್ತದೆ, ಕರೆ ಮಾಡಿದವರ ಗುಣಕ್ಕಲ್ಲ. ಸಂಖ್ಯೆಯನ್ನು ನ್ಯಾಯವಾಗಿ ಬಾಡಿಗೆಗೆ ಪಡೆದ ವಂಚಕನಿಗೂ ‘ಎ’ ಸಿಗುತ್ತದೆ. ಇತ್ತ ವಿದೇಶದಿಂದ ಗೇಟ್‌ವೇ ಮೂಲಕ ಒಳಬರುವ ಕರೆಗೆ ಸಾಮಾನ್ಯವಾಗಿ ಸಿಗುವುದು ‘ಸಿ’. ಶಿವಮೊಗ್ಗದಿಂದ ತಾಯಿ ಮಾಡುವ ಕರೆಯೂ ಆ ಗುಂಪಿನಲ್ಲೇ ಬರುತ್ತದೆ. ಕೆಳದರ್ಜೆಯ ಕರೆಗಳನ್ನೆಲ್ಲ ತಡೆಯುವ ಆಯ್ಕೆಯನ್ನು ಕಂಪನಿ ಕೊಟ್ಟಿದ್ದರೂ, ಊರಿನಲ್ಲಿ ಬಳಗವಿರುವವರು ಅದನ್ನು ಕಣ್ಣುಮುಚ್ಚಿ ಒತ್ತಬಾರದು.

ಹೊಸ ಅಪಾಯವೂ ಬಂದಿದೆ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮತದಾರರಿಗೆ ಆಗಿನ ಅಧ್ಯಕ್ಷ ಬೈಡನ್ ಅವರ ದನಿಯನ್ನೇ ಕೃತಕವಾಗಿ ಸೃಷ್ಟಿಸಿದ ಕರೆಗಳು ಬಂದವು. ಅದರ ಮರುತಿಂಗಳೇ, ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ ದನಿಯ ರೋಬೋಕಾಲ್‌ಗಳೂ 1991ರ ಕಾಯ್ದೆಯ ನಿರ್ಬಂಧದೊಳಗೇ ಬರುತ್ತವೆಂದು ಎಫ್‌ಸಿಸಿ ಸ್ಪಷ್ಟಪಡಿಸಿತು. ಸಂಖ್ಯೆಯಂತೆ ದನಿಯೂ ಈಗ ಪುರಾವೆಯಲ್ಲ. ಮೊಮ್ಮಗನ ದನಿಯಲ್ಲಿ ಯಾರಾದರೂ ಹಣ ಕೇಳಿದರೆ, ಕರೆ ಇಟ್ಟು, ಅವನ ಗೊತ್ತಿರುವ ಸಂಖ್ಯೆಗೆ ನಾವೇ ತಿರುಗಿ ಕರೆ ಮಾಡಬೇಕು. ಈ ಮಾತನ್ನು ಮನೆಯ ಹಿರಿಯರಿಗೆ ಮತ್ತೆ ಮತ್ತೆ ಹೇಳಬೇಕು.

ತಡೆ ಮಿತಿಮೀರಿದರೆ

ಯಂತ್ರ ಮಾಡುವ ಕರೆಗಳೆಲ್ಲ ಕೆಟ್ಟವಲ್ಲ. ಹಿಮ ಬಿದ್ದು ಶಾಲೆಗೆ ರಜೆ ಎಂದು ತಿಳಿಸುವುದು ಯಂತ್ರ. ನಾಳೆ ವೈದ್ಯರ ಭೇಟಿಯಿದೆ ಎಂದು ನೆನಪಿಸುವುದು ಯಂತ್ರ. ಕಾಡ್ಗಿಚ್ಚು ಹಬ್ಬುತ್ತಿದೆ, ಮನೆ ಬಿಡಿ ಎಂದು ಊರಿನ ಆಡಳಿತ ಎಚ್ಚರಿಸುವುದೂ ಎಷ್ಟೋ ಸಲ ಯಂತ್ರದಿಂದಲೇ. ಇವು 1 ಒತ್ತುವುದಿಲ್ಲ. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ಲೈನ್ ಕಡಿದರೆ ಅಲ್ಲಿನವರು ತಿರುಗಿ ಕರೆ ಮಾಡುತ್ತಾರೆ. ಆ ಕರೆ ನಮ್ಮ ಪಟ್ಟಿಯಲ್ಲಿಲ್ಲದ ಸಂಖ್ಯೆಯಿಂದ ಬರಬಹುದು. ಆದ್ದರಿಂದ ತಡೆದ ಕರೆಗಳ ದಾಖಲೆಯನ್ನು ವಾರಕ್ಕೊಮ್ಮೆ ನೋಡುವ ಅಭ್ಯಾಸ ಬೇಕು. ಶಾಲೆ, ಆಸ್ಪತ್ರೆ, ಸ್ಥಳೀಯ ಆಡಳಿತಗಳು ಬಳಸುವ ಸಂಖ್ಯೆಗಳನ್ನು ಮೊದಲೇ ಕೇಳಿ ಸೇರಿಸಿಕೊಳ್ಳಬೇಕು. ಖಾತೆಯಲ್ಲಿ 911ಕ್ಕೆ ಕೊಟ್ಟ ಮನೆಯ ವಿಳಾಸ ಸರಿಯಿದೆಯೇ ಎಂಬುದನ್ನೂ ನೋಡಬೇಕು. ಮನೆ ಬದಲಿಸಿದಾಗ ಪೆಟ್ಟಿಗೆ ಜೊತೆಗೆ ಬರುತ್ತದೆ, ವಿಳಾಸ ತಾನಾಗಿ ಬದಲಾಗುವುದಿಲ್ಲ.

ಫೋನು ಎಷ್ಟು ಕಡಿಮೆ ಬಡಿಯಿತು ಎಂಬುದು ಒಳ್ಳೆಯ ತಡೆಯ ಅಳತೆಯಲ್ಲ. ಬೇಕಾದ ಕರೆ ಒಂದೂ ತಪ್ಪಲಿಲ್ಲ ಎಂಬುದು ಅದರ ಅಳತೆ.

ನಮ್ಮಲ್ಲಿ ಹೇಗೆ?

ಕರ್ನಾಟಕದ ಮನೆಗಳಲ್ಲಿ ಅಡಾಪ್ಟರ್ ಬೇರೆಯಾಗಿ ಕಾಣುವುದು ಅಪರೂಪ. ಆದರೆ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡಾಗ ಅದರ ಜೊತೆಗೆ ಸಿಗುವ ಲ್ಯಾಂಡ್‌ಲೈನ್ ಇದೇ ಜಾತಿಯದು. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯ ಹಿಂಬದಿಯಲ್ಲಿ ಫೋನಿಗೆಂದು ಇರುವ ಕಿಂಡಿಯೇ ಅಡಾಪ್ಟರ್. ವ್ಯತ್ಯಾಸವೆಂದರೆ ಅದರ ಸೆಟ್ಟಿಂಗುಗಳು ಕಂಪನಿಯ ಕೈಯಲ್ಲಿವೆ. ಮನೆಯವರಿಗೆ ನಿಯಮಗಳ ಸಾಲು ಬರೆಯುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ. ಸಂಖ್ಯೆ ತೋರಿಸುವ, ತಡೆಗುಂಡಿಯಿರುವ ಫೋನನ್ನು ಕೊಳ್ಳುವುದು ಮನೆಯವರು ಮಾಡಬಹುದಾದ ಮೊದಲ ಕೆಲಸ.

ಎರಡನೆಯದು ದೂರು. ಲ್ಯಾಂಡ್‌ಲೈನಿನಿಂದಲೇ 1909ಕ್ಕೆ ಕರೆ ಮಾಡಿ ಜಾಹೀರಾತು ಕರೆ ಬೇಡವೆಂದು ನೋಂದಾಯಿಸಬಹುದು. ಮಾರಾಟದ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆ, ಬ್ಯಾಂಕು, ವಿಮೆ ಮತ್ತು ಸರ್ಕಾರದ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆ ಎಂದು ವಿಂಗಡಿಸಲಾಗಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರ ತನ್ನ ನಿಯಮಾವಳಿಯನ್ನು 2025ರ ಫೆಬ್ರುವರಿಯಲ್ಲಿ ತಿದ್ದಿ, ದೂರು ಕೊಡುವ ಅವಧಿಯನ್ನು ಮೂರು ದಿನದಿಂದ ಏಳು ದಿನಕ್ಕೆ ಹೆಚ್ಚಿಸಿತು. ಹತ್ತು ದಿನಗಳಲ್ಲಿ ಐದು ದೂರು ಬಂದರೂ ಕ್ರಮ ಕೈಗೊಳ್ಳುವಂತೆ ಮಾಡಿತು. ವಂಚನೆಯ ಅನುಮಾನವಿದ್ದರೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಚಕ್ಷು ವಿಭಾಗದಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಐದು ದೂರಿಗೆ ಎದ್ದು ನಿಲ್ಲುವ ವ್ಯವಸ್ಥೆಯಲ್ಲಿ ಒಂದೊಂದು ದೂರಿಗೂ ತೂಕವಿದೆ. ‘ಯಾಕೆ ಬಿಡು’ ಎಂದು ಸುಮ್ಮನಾದವರು ಮುಂದಿನ ಮನೆಯ ಅಜ್ಜಿಯನ್ನು ಅಪಾಯಕ್ಕೆ ಬಿಟ್ಟಂತಾಗುತ್ತದೆ.

ನಮ್ಮ ದೂರವಾಣಿ ಕಂಪನಿಗಳಿಂದ ಕೇಳಬೇಕಾದದ್ದೂ ಇದೆ. ಫೈಬರ್ ಲ್ಯಾಂಡ್‌ಲೈನಿಗೂ ಮನೆಯವರೇ ತುಂಬುವ ತಡೆಪಟ್ಟಿ, ಬೇಕಾದವರ ಪಟ್ಟಿ, ‘1 ಒತ್ತಿ’ ಎಂಬ ಪ್ರಶ್ನೆ, ಇವನ್ನು ಕನ್ನಡದಲ್ಲಿ ಒದಗಿಸಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಇಪ್ಪತ್ತು ವರ್ಷ ಹಳೆಯ ಪುಟ್ಟ ಅಡಾಪ್ಟರುಗಳು ಮಾಡಿದ ಕೆಲಸವನ್ನು ಇಂದಿನ ಜಾಲಗಳು ಖಂಡಿತ ಮಾಡಬಲ್ಲವು. ಮೊಬೈಲಿನಲ್ಲಿ ಮಕ್ಕಳಿಗೆ ಸಿಕ್ಕಿರುವ ರಕ್ಷಣೆ ಲ್ಯಾಂಡ್‌ಲೈನಿನ ಮುಂದೆ ಕೂತ ಹೆತ್ತವರಿಗೆ ಸಿಗದಿರುವುದು ನ್ಯಾಯವಲ್ಲ.

ಅಡಾಪ್ಟರ್ ಇರುವ ಮನೆಯವರಿಗೆ ಒಂದು ಮಾತು. ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮೊದಲು ಕಂಪನಿಯ ಸರ್ವರಿನಿಂದ ಮಾತ್ರ ಕರೆ ಸ್ವೀಕರಿಸುವ ಸೆಟ್ಟಿಂಗ್ ಹಾಕಿ. ಆಮೇಲೆ ಬೇಕಾದವರ ಪಟ್ಟಿ ಬರೆಯಿರಿ, ಅಸಾಧ್ಯ ಸಂಖ್ಯೆಗಳನ್ನು ತಡೆಯಿರಿ, ಉಳಿದವರಿಗೆ 1 ಒತ್ತುವ ಪ್ರಶ್ನೆ ಇಡಿ. ಕೊನೆಗೆ ಊರಿಗೆ ಹೇಳಿ ಅಲ್ಲಿಂದ ಒಂದು ಕರೆ ಮಾಡಿಸಿ, ಅದು ಸರಿಯಾಗಿ ಬರುತ್ತದೆಯೇ ನೋಡಿ. ಆ ಪರೀಕ್ಷೆ ಮುಗಿಯುವ ತನಕ ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ.